ಒಂದೇ ಕರಾರಿನಲ್ಲಿ ಮನೆಯೂ ಬೀಗವೂ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ನಮ್ಮೂರು ಹೊಸದುರ್ಗದ ಕಡೆ. ಎರಡನೇ ಮಹಾಯುದ್ಧದ ನಂತರದ ಅಮೆರಿಕ ಎಂಬ ವಿಷಯ ಸೆಮಿನಾರಿಗೆ ನನ್ನ ಪಾಲಿಗೆ ಬಂದಿದೆ. ಗ್ರಂಥಾಲಯದ ಪುಸ್ತಕಗಳಲ್ಲಿ ಸಾಲು ಸಾಲು ಹೊಸ ಮನೆಗಳು, ಮುಂದೆ ಹುಲ್ಲಿನ ಅಂಗಳ, ಪಕ್ಕದಲ್ಲಿ ಕಾರು, ಅಡುಗೆಮನೆಯಲ್ಲಿ ಫ್ರಿಜ್. ನಾಲ್ಕು ಪುಟ ಮಗುಚಿದರೆ ಶಾಲೆಗೆ ಹೊರಟ ಕಪ್ಪು ಹುಡುಗಿಯ ಬೆನ್ನ ಹಿಂದೆ ಕಿರುಚುತ್ತಿರುವ ಗುಂಪು. ಆ ಕಾಲವನ್ನು ಸುವರ್ಣಯುಗ ಎನ್ನಬೇಕೋ ಕರಾಳ ಎನ್ನಬೇಕೋ ತಿಳಿಯುತ್ತಿಲ್ಲ. ಇನ್ನೊಂದು ಮಾತು. ಇದನ್ನು ಓದುತ್ತಿದ್ದ ವಾರದಲ್ಲೇ ನಾನು ಮತ್ತು ಗೆಳತಿ ಬಾಡಿಗೆ ಕೋಣೆ ಹುಡುಕಿಕೊಂಡು ಹೋಗಿದ್ದೆವು. ಮನೆಯವರು ಚೆನ್ನಾಗಿಯೇ ಮಾತನಾಡಿಸಿ, ಕೋಣೆ ತೋರಿಸಿ, ಆಮೇಲೆ "ನೀವು ಯಾವ ಜನ?" ಎಂದು ಕೇಳಿದರು. ಹೇಳಿದೆವು. ಕೋಣೆ ಆಗಲೇ ಬೇರೆಯವರಿಗೆ ಹೋಗಿದೆ ಎಂದರು. ಮುಂದಿನ ವಾರವೂ 'ಬಾಡಿಗೆಗೆ ಇದೆ' ಬೋರ್ಡು ಅಲ್ಲೇ ಇತ್ತು. ಇದನ್ನು ಸೆಮಿನಾರಿನಲ್ಲಿ ಹೇಳಬಹುದೇ? ವಿಷಯಾಂತರ ಎನಿಸುತ್ತದೆಯೇ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಹೇಳಲೇಬೇಕಮ್ಮ. ಅದು ವಿಷಯಾಂತರವಲ್ಲ, ವಿಷಯವೇ ಅದು. ನಿನ್ನ ಪತ್ರ ಓದಿ ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಈ ಊರಿನಲ್ಲಿ ಬಹುಕಾಲ ಪಾಠ ಹೇಳಿದವಳು ನಾನು. ಕೋಣೆ ಸಿಗದೆ ಓದನ್ನೇ ಬಿಟ್ಟು ಊರಿಗೆ ಮರಳಿದ ಮಕ್ಕಳನ್ನು ಕಂಡಿದ್ದೇನೆ. ಆದರೆ ಹೇಳುವ ಮುನ್ನ ಆ ಅಮೆರಿಕದ ಮನೆಗಳ ಕಥೆ ನಿನಗೆ ಪೂರ್ತಿ ಗೊತ್ತಿರಲಿ.

ನೀನು ನೋಡಿದ ಸಾಲುಮನೆಗಳು ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ಲೆವಿಟೌನಿನವು ಇರಬಹುದು, ಇಲ್ಲವೇ ಅದನ್ನು ನೋಡಿ ಕಟ್ಟಿದ ಇನ್ನಾವುದೋ ಬಡಾವಣೆಯವು. ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ ಲೆವಿಟ್ ಕಂಪನಿ 1947ರಿಂದ 1951ರೊಳಗೆ 17 ಸಾವಿರಕ್ಕೂ ಹೆಚ್ಚು ಮನೆಗಳನ್ನು ಎಬ್ಬಿಸಿತು. ಕಾರು ಕಾರ್ಖಾನೆಯಲ್ಲಿ ಕೆಲಸಗಾರ ನಿಂತಲ್ಲಿ ನಿಂತಿರುತ್ತಾನೆ, ಕಾರು ಅವನ ಮುಂದೆ ಹಾದುಹೋಗುತ್ತದೆ. ಇಲ್ಲಿ ಮನೆ ನಿಂತಿತ್ತು, ತಂಡಗಳು ಸಾಗುತ್ತಿದ್ದವು: ಒಂದು ತಂಡ ತಳಪಾಯ ಹಾಕಿ ಪಕ್ಕದ ಸೈಟಿಗೆ ಹೋದರೆ ಹಿಂದೆಯೇ ಮರದ ಚೌಕಟ್ಟಿನವರು, ಅವರ ಹಿಂದೆ ಬಣ್ಣದವರು. ಮೊದಲ ಮನೆಗಳು ಸುಮಾರು 750 ಚದರಡಿ, ಎರಡು ಮಲಗುವ ಕೋಣೆ, ತಿಂಗಳಿಗೆ 60 ಡಾಲರ್ ಬಾಡಿಗೆ. 1949ರ ಮಾದರಿಯನ್ನು 7,990 ಡಾಲರಿಗೆ ಮಾರಿದರು. 1950ರ ಮಾದರಿಗೆ ಟಿ.ವಿ.ಯನ್ನು ಮನೆಯೊಳಗೇ ಕೂರಿಸಿ ಕೊಟ್ಟರು. ದೇಶದಲ್ಲಿ ನೂರಕ್ಕೆ ಹತ್ತು ಮನೆಗಳಲ್ಲೂ ಟಿ.ವಿ. ಇಲ್ಲದ ಕಾಲ ಅದು. ಈ ಮನೆಗಳನ್ನು ಹಗುರವಾಗಿ ಕಾಣಬೇಡ. ಯುದ್ಧ ಮುಗಿಸಿ ಬಂದ ಸೈನಿಕರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಪ್ಪನ ಮನೆಯ ಒಂದು ಕೋಣೆಯಲ್ಲೋ ಸೇನೆಯ ತಗಡಿನ ಶೆಡ್ಡಿನಲ್ಲೋ ದಿನ ದೂಡುತ್ತಿದ್ದರು. ಅಂಥವರಿಗೆ ಸ್ವಂತ ಬಾಗಿಲು, ಸ್ವಂತ ಬಚ್ಚಲು ಸಿಕ್ಕಿದ್ದು ದೊಡ್ಡ ಸುಖವೇ.

ಈಗ ಕರಾರು ಪತ್ರಕ್ಕೆ ಬಾ. ಆರಂಭದ ಬಾಡಿಗೆ ಕರಾರಿನಲ್ಲಿ ಒಂದು ಕಲಮು ಇತ್ತು. ಬಿಳಿಯರಲ್ಲದ ಯಾರೂ ಈ ಮನೆಯನ್ನು ಬಳಸಲು, ಇದರಲ್ಲಿ ವಾಸಿಸಲು ಬಾಡಿಗೆದಾರ ಬಿಡಬಾರದು ಎಂಬುದು ಅದರ ಸಾರ. ಅದರ ಬೆನ್ನಿಗೇ ಒಂದು ವಿನಾಯಿತಿ: ಬಿಳಿಯರಲ್ಲದ ಮನೆಗೆಲಸದವರನ್ನು ಇಟ್ಟುಕೊಳ್ಳಬಹುದು. ಆ ವಿನಾಯಿತಿಯನ್ನು ನಿಧಾನವಾಗಿ ಓದು. ಪಾತ್ರೆ ತೊಳೆಯಲು ಒಳಗೆ ಬರಬಹುದು, ಸಂಸಾರ ಹೂಡಲು ಬರುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಡಾವಣೆ ಕಟ್ಟಿದವರ ಕೆಟ್ಟತನ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡ. ಮನೆಸಾಲಗಳ ಬೆನ್ನಿಗೆ ನಿಂತದ್ದು ಸರ್ಕಾರ. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬ್ಯಾಂಕುಗಳು ಕೊಡುವ ಗೃಹಸಾಲಕ್ಕೆ ವಿಮೆ ಕೊಡುತ್ತಿತ್ತು. ಎರಡು ಬಣ್ಣದವರು ಬೆರೆತ ಬಡಾವಣೆಯಲ್ಲಿ ಸಾಲಕ್ಕೆ ಅಪಾಯ ಹೆಚ್ಚು ಎಂದು ಬರೆದದ್ದೂ, ಇಂಥ ಕಲಮುಗಳನ್ನು ಶಿಫಾರಸು ಮಾಡಿದ್ದೂ ಅದರ ಕೈಪಿಡಿಯೇ. ಅದೇ ದಶಕದಲ್ಲಿ ಇನ್ನೊಂದು ಸರ್ಕಾರಿ ಸಂಸ್ಥೆ ನಗರಗಳ ನಕ್ಷೆ ತಯಾರಿಸಿ, ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದು ಅವು ಸಾಲಕ್ಕೆ ಅಪಾಯಕಾರಿ ಎಂದು ಗುರುತು ಹಾಕಿತು. ಯುದ್ಧದಿಂದ ಮರಳಿದ ಸೈನಿಕರಿಗೆ ಮನೆ, ಓದು, ವ್ಯಾಪಾರಕ್ಕೆ ನೆರವಾಗಲು 1944ರಲ್ಲಿ ಬಂದ ಕಾಯ್ದೆಯಲ್ಲಿ ಬಣ್ಣದ ಸುದ್ದಿಯೇ ಇರಲಿಲ್ಲ. ಆದರೆ ಸಾಲಕ್ಕೆ ಹೋಗಿ ನಿಲ್ಲಬೇಕಾದದ್ದು ಊರ ಬ್ಯಾಂಕಿನ ಮುಂದೆ. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ 13 ನಗರಗಳಲ್ಲಿ ಈ ಕಾಯ್ದೆಯ ಖಾತ್ರಿಯ ಮೇಲೆ ಕೊಟ್ಟ 3,200ಕ್ಕೂ ಹೆಚ್ಚು ಸಾಲಗಳಲ್ಲಿ ಕಪ್ಪು ಮಾಜಿ ಸೈನಿಕರಿಗೆ ದಕ್ಕಿದ್ದು ಎರಡೇ ಎರಡು.

ಆದ್ದರಿಂದ ಸುವರ್ಣವೋ ಕರಾಳವೋ ಎಂದು ತೂಗುತ್ತಾ ಕೂರಬೇಡ. ಹುಲ್ಲಿನ ಅಂಗಳ ಕೊಟ್ಟದ್ದೂ ಕೇರಿಗೆ ಕೆಂಪು ಬಳಿದದ್ದೂ ಒಂದೇ ವ್ಯವಸ್ಥೆ. ಪುಸ್ತಕದಲ್ಲಿ ಆ ಎರಡು ಚಿತ್ರಗಳ ನಡುವೆ ನಾಲ್ಕು ಪುಟಗಳಿವೆ, ಬದುಕಿನಲ್ಲಿ ಇರಲಿಲ್ಲ. ನಿನ್ನ ಸೆಮಿನಾರಿನ ಕೆಲಸ ಆ ಪುಟಗಳನ್ನು ಅಂಟಿಸುವುದು.

ನ್ಯಾಯಾಲಯ ಸುಮ್ಮನಿತ್ತೇ ಎಂದರೆ, ಇರಲಿಲ್ಲ. ಇಂಥ ಕಲಮುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಕಲಮು ಹೋಯಿತು, ರೂಢಿ ಉಳಿಯಿತು. 1957ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯಾದ ಇನ್ನೊಂದು ಲೆವಿಟೌನಿಗೆ ಬಿಲ್ ಮತ್ತು ಡೈಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಮಕ್ಕಳೊಂದಿಗೆ ಬಂದಾಗ ಮನೆಯ ಮುಂದೆ ರಾತ್ರಿಗಳಲ್ಲಿ ಗುಂಪು ಸೇರಿತು, ಕಲ್ಲು ಬಿತ್ತು, ರಾಜ್ಯದ ಪೊಲೀಸರು ಬರಬೇಕಾಯಿತು. ಆದರೂ ಆ ಸಂಸಾರ ಕದಲಲಿಲ್ಲ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡುವುದನ್ನು ನಿಷೇಧಿಸುವ ಕೇಂದ್ರ ಕಾಯ್ದೆ ಬಂದದ್ದು 1968ರ ಏಪ್ರಿಲಿನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ.

ನೀನು ಕಂಡ ಆ ಹುಡುಗಿ ಎಲಿಜಬೆತ್ ಎಕ್‌ಫರ್ಡ್ ಇರಬೇಕು. ಅರ್ಕನ್ಸಾದ ಲಿಟಲ್ ರಾಕ್, 1957ರ ಸೆಪ್ಟೆಂಬರ್ 4. ಆಗ ಅವಳಿಗೆ ಹದಿನೈದು ವರ್ಷ. ಬಿಳಿಯರ ಶಾಲೆಗೆ ಮೊದಲ ಸಲ ಹೋಗಬೇಕಿದ್ದ ಒಂಬತ್ತು ಮಕ್ಕಳು ಒಟ್ಟಿಗೆ ಹೋಗುವುದೆಂದು ಹಿಂದಿನ ರಾತ್ರಿ ತೀರ್ಮಾನವಾಯಿತು. ಆ ಸುದ್ದಿ ಅವಳಿಗೆ ತಲುಪಲಿಲ್ಲ, ಏಕೆಂದರೆ ಅವಳ ಮನೆಯಲ್ಲಿ ಫೋನ್ ಇರಲಿಲ್ಲ. ತಾನೇ ಹೊಲಿದ ಬಿಳಿಯ ಉಡುಪು ತೊಟ್ಟು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಒಬ್ಬಳೇ ಹೊರಟಳು. ರಾಜ್ಯದ ಸೈನಿಕರು ಅವಳನ್ನು ಒಳಗೆ ಬಿಡಲಿಲ್ಲ. ಗುಂಪು ಬೆನ್ನು ಹತ್ತಿತು. ಅವಳು ಓಡದೆ ನಡೆದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಳು. ಮನೆಮನೆಗೆ ಫ್ರಿಜ್, ಟಿ.ವಿ. ಎಂದು ಜಗತ್ತಿಗೆ ತೋರಿಸುತ್ತಿದ್ದ ದೇಶದಲ್ಲಿ ಒಂದು ಫೋನ್ ಇಲ್ಲದ್ದಕ್ಕೆ ಹುಡುಗಿಯೊಬ್ಬಳು ಆ ಗುಂಪನ್ನು ಒಂಟಿಯಾಗಿ ಎದುರಿಸಬೇಕಾಯಿತು. ಇದನ್ನು ಸೆಮಿನಾರಿನಲ್ಲಿ ತಪ್ಪದೆ ಹೇಳು.

ನಿನ್ನ ಅನುಭವದ ಬಗ್ಗೆ ಒಂದು ಎಚ್ಚರಿಕೆ. ಬಣ್ಣವೂ ಜಾತಿಯೂ ಒಂದೇ ಎಂದುಬಿಡಬೇಡ. ಅಲ್ಲಿ ತಾರತಮ್ಯವನ್ನು ಕರಾರಿನಲ್ಲಿ, ಕೈಪಿಡಿಯಲ್ಲಿ, ನಕ್ಷೆಯಲ್ಲಿ ಬರೆದಿಟ್ಟರು. ಆ ಕಾಗದಗಳೇ ಮುಂದೆ ಸಾಕ್ಷಿ ನುಡಿದವು. ಇಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ತೊಡೆದುಹಾಕಿದೆ. ಹಾಗಾಗಿ ಬಾಗಿಲಲ್ಲಿ ಬಾಯಿಮಾತಿನಲ್ಲಿ ಕೇಳುತ್ತಾರೆ. ಊರು ಕೇಳುತ್ತಾರೆ, ಅಪ್ಪನ ಹೆಸರು ಕೇಳುತ್ತಾರೆ, ಮನೆಯಲ್ಲಿ ಮಾಂಸ ಮಾಡುತ್ತೀರಾ ಎನ್ನುತ್ತಾರೆ. ಇದ್ಯಾವುದೂ ಕಾಗದಕ್ಕೆ ಇಳಿಯುವುದಿಲ್ಲ. ಆದ್ದರಿಂದ ಹೋದ ದಿನ, ಆಡಿದ ಮಾತು, ಮರುವಾರ ಕಂಡ ಬೋರ್ಡು, ಎಲ್ಲವನ್ನೂ ಈಗಲೇ ದಿನಾಂಕ ಹಾಕಿ ಬರೆದಿಡು. ಗೆಳತಿಯಿಂದಲೂ ಬರೆಸು. ನಾಳೆ ದಾವಣಗೆರೆಯ ಚರಿತ್ರೆ ಬರೆಯುವವರಿಗೆ ಅಂಥ ಕಾಗದ ಬೇಕಾಗುತ್ತದೆ.

ಪ್ರಶ್ನೆ: ಅಮೆರಿಕದ ಹತ್ತಿ ಹೊಲಗಳಲ್ಲಿದ್ದ ಕಪ್ಪು ಕೂಲಿಗಳು ಹೊಲ ಬಿಟ್ಟು ಉತ್ತರದ ನಗರಗಳಿಗೆ ಹೋದದ್ದು ಹತ್ತಿ ಬಿಡಿಸುವ ಯಂತ್ರ ಬಂದದ್ದರಿಂದಲೇ?
— ಹತ್ತಿ ಬೆಳೆಗಾರ, ಚಿತ್ರದುರ್ಗ

ಉತ್ತರ: ಯಂತ್ರವೊಂದೇ ಕಾರಣವಲ್ಲ. ಈ ವಲಸೆ ಮೊದಲ ಮಹಾಯುದ್ಧದ ಹೊತ್ತಿಗೇ ಶುರುವಾಗಿತ್ತು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಮಂದಿ ದಕ್ಷಿಣ ಬಿಟ್ಟರು. ಕೋರಿಗೆ ಉಳುವವನ ಲೆಕ್ಕದ ಪುಸ್ತಕ ಜಮೀನ್ದಾರನ ಕೈಯಲ್ಲಿ. ವರ್ಷದ ಕೊನೆಗೆ ಸಾಲವೇ ಉಳಿಯುತ್ತಿತ್ತು. ಎದುರಾಡಿದರೆ ಜೀವಕ್ಕೇ ಅಪಾಯ. 1944ರ ಅಕ್ಟೋಬರ್ 2ರಂದು ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಹೊಲವೊಂದರಲ್ಲಿ ಯಂತ್ರಗಳನ್ನು ಓಡಿಸಿ ತೋರಿಸಿದರು. ಒಬ್ಬ ಕೂಲಿ ಗಂಟೆಗೆ 20 ಪೌಂಡ್ ಹತ್ತಿ ಬಿಡಿಸಿದರೆ ಒಂದು ಯಂತ್ರ 1,000 ಪೌಂಡ್ ಬಿಡಿಸಿತು. ಅಲ್ಲಿಂದ ಮುಂದೆ ಹೋಗುವವರನ್ನು ತಡೆಯುವ ಗರಜು ಜಮೀನ್ದಾರರಿಗೆ ಉಳಿಯಲಿಲ್ಲ.

ಚಿಕಾಗೋದಲ್ಲಿ ಕಪ್ಪು ಜನರ ಸಂಖ್ಯೆ 1940ರಲ್ಲಿ 3 ಲಕ್ಷವೂ ಇರಲಿಲ್ಲ; 1960ಕ್ಕೆ 8 ಲಕ್ಷ ದಾಟಿತು. ಅವರು ಹೋಗಿ ನೆಲೆಸಿದ್ದು ಹಿಂದಿನ ಪ್ರಶ್ನೆಗೆ ಉತ್ತರಿಸುವಾಗ ಹೇಳಿದ, ಬ್ಯಾಂಕು ಸಾಲ ಕೊಡದ ಕೇರಿಗಳಲ್ಲಿ. ಹೀಗಾಗಿ ದಲ್ಲಾಳಿಗಳಿಂದ ದುಪ್ಪಟ್ಟು ಬೆಲೆಗೆ, ಕಂತಿನ ಕರಾರಿನ ಮೇಲೆ ಮನೆ ಕೊಂಡರು. ಕೊನೆಯ ಕಂತು ತೀರುವವರೆಗೂ ಮನೆ ಮಾರಿದವನ ಹೆಸರಿನಲ್ಲೇ. ನಡುವೆ ಒಂದು ಕಂತು ತಪ್ಪಿದರೂ ಮನೆಯ ಜೊತೆಗೆ ಕಟ್ಟಿದ ಹಣವೂ ಮುಳುಗುತ್ತಿತ್ತು. 1968ರಲ್ಲಿ ನಾರ್ತ್ ಲಾಂಡೇಲ್ ಭಾಗದವರು ಸಂಘ ಕಟ್ಟಿ, ಕಂತು ಕೊಡುವುದನ್ನು ನಿಲ್ಲಿಸಿ ಹೋರಾಡಿದರು. ನೂರಾರು ಕುಟುಂಬಗಳು ಕರಾರನ್ನು ಹೊಸದಾಗಿ ಬರೆಸಿಕೊಂಡವು.