ದೇವರು ಬದಲಾಗುವುದಿಲ್ಲ ಎಂದರೆ ನಿನೆವೆ ಉಳಿದದ್ದು ಹೇಗೆ?

ಪ್ರಶ್ನೆ: ದೇವರು ಎಂದೂ ಬದಲಾಗುವುದಿಲ್ಲ ಎಂದು ಸಭೆಯಲ್ಲಿ ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಬೈಬಲಿನ ಯೋನನ ಪುಸ್ತಕದಲ್ಲಿ ನಿನೆವೆ ಪಟ್ಟಣ ಹಾಳಾಗುತ್ತದೆ ಎಂದು ಪ್ರವಾದಿ ಯೋನನಿಂದ ಸಾರಿಸಿದ ದೇವರು ಆಮೇಲೆ ಅದನ್ನು ಹಾಳುಮಾಡಲೇ ಇಲ್ಲ. ಮನಸ್ಸು ಬದಲಾಯಿಸಿದ ಹಾಗೇ ಅಲ್ವಾ? ಬದಲಾಗುವುದೇ ಇಲ್ಲ ಎಂದಾದರೆ ನಾನು ಪ್ರಾರ್ಥನೆ ಮಾಡಿ ಏನು ಪ್ರಯೋಜನ?

ಉತ್ತರ: ಮೊದಲನೆಯದಕ್ಕೆ ಯೋನನೇ ಉತ್ತರ ಕೊಟ್ಟಿದ್ದಾನೆ, ಅದೂ ಸಿಟ್ಟಿನಲ್ಲಿ. ನಿನೆವೆಗೆ ಹೋಗು ಎಂದು ದೇವರು ಹೇಳಿದಾಗ ಅವನು ಮೊದಲು ಬೇರೆ ಕಡೆ ಓಡಿಹೋಗಿದ್ದ. 4ನೇ ಅಧ್ಯಾಯದ 2ನೇ ವಚನ ತೆಗೆದು ನೋಡಿ. ನೀನು ದಯೆಯುಳ್ಳವನು, ಬೇಗ ಕೋಪ ಮಾಡಿಕೊಳ್ಳುವವನಲ್ಲ ಅಂತ ನನಗೆ ಆಗಲೇ ಗೊತ್ತಿತ್ತು, ಅದಕ್ಕೇ ಓಡಿಹೋಗಿದ್ದು ಎಂದು ದೇವರ ಹತ್ತಿರವೇ ಜಗಳ ತೆಗೆಯುತ್ತಾನೆ. ಅಂದರೆ ನಿನೆವೆ ಉಳಿದದ್ದು ಅವನಿಗೆ ಅಚ್ಚರಿಯೇ ಅಲ್ಲ. ದೇವರು ಎಲ್ಲಿ ಎಂದಿನ ಹಾಗೇ ನಡೆದುಕೊಂಡುಬಿಡುತ್ತಾನೋ ಎಂಬುದೇ ಅವನ ಹೆದರಿಕೆ! ನಲವತ್ತು ದಿನದ ಗಡುವಿನೊಳಗೆ ಬದಲಾದದ್ದು ಊರು. ಜನ ಪಶ್ಚಾತ್ತಾಪಪಟ್ಟು ಗೋಣಿತಟ್ಟು ಉಟ್ಟರು, ಅರಸ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂತ. ತಿರುಗಿಕೊಂಡವರನ್ನು ದೇವರು ಕ್ಷಮಿಸಿದ. ಎಚ್ಚರಿಸಿದ ಜನಾಂಗ ಕೆಟ್ಟದ್ದನ್ನು ಬಿಟ್ಟರೆ ತಾನೂ ಶಿಕ್ಷೆ ಬಿಡುತ್ತೇನೆ ಎಂದು ಯೆರೆಮೀಯ 18ರಲ್ಲಿ ಅವನೇ ಹೇಳುತ್ತಾನೆ.

1 ಸಮುವೇಲ 15ನೇ ಅಧ್ಯಾಯ ಇನ್ನೂ ಕಷ್ಟದ್ದು, ಒಪ್ಪುತ್ತೇನೆ. ಸೌಲನನ್ನು ಇಸ್ರಾಯೇಲಿನ ಅರಸನನ್ನಾಗಿ ಮಾಡಿದ್ದಕ್ಕೆ ದೇವರು ಮನಮರುಗಿದ ಎಂದು 11ನೇ ವಚನ ಹೇಳಿದರೆ, ಮನಸ್ಸು ಬದಲಾಯಿಸಲು ಆತ ಮನುಷ್ಯನಲ್ಲ ಎಂದು 29ನೇ ವಚನ ಹೇಳುತ್ತದೆ. ಬರೆದವನಿಗೆ ಇದು ಕಾಣದೆ ಹೋಯಿತು ಎಂದು ನನಗೆ ಅನಿಸುವುದಿಲ್ಲ. ದೇವರಿಗೆ ನೋವಾಗುತ್ತದೆ, ಆದರೆ ಗುಣ ತಪ್ಪುವುದಿಲ್ಲ ಎಂದು ಎರಡನ್ನೂ ಬೇಕೆಂದೇ ಒಟ್ಟಿಗೆ ಇಟ್ಟಿದ್ದಾನೆ. ಕಲ್ಲೂ ಬದಲಾಗುವುದಿಲ್ಲ, ಬೈಬಲ್ ಹೇಳುವುದು ಆ ತರಹದ್ದಲ್ಲ.

ಇದರಿಂದ ನಮಗೇನು ಎಂದರೆ, ಮಲಾಕಿಯ 3:6 ನೋಡಿ. ನಾನು ಮಾರ್ಪಡದವನು, ಅದಕ್ಕೇ ನೀವು ಇನ್ನೂ ನಾಶವಾಗಿಲ್ಲ ಎನ್ನುತ್ತಾನೆ ದೇವರು. ಇದನ್ನು ಕೇಳಿಸಿಕೊಂಡವರು ಒಳ್ಳೆಯವರೇನಲ್ಲ. ಕುಂಟು, ರೋಗದ ಪ್ರಾಣಿಗಳನ್ನು ಬಲಿಗೆ ತರುತ್ತಿದ್ದವರು. ನಮ್ಮ ಭಕ್ತಿ ಒಂದು ವಾರ ಜಾಸ್ತಿ, ಒಂದು ವಾರ ಕಡಿಮೆ. ದೇವರ ಮಾತೂ ಹಾಗೇ ಏರಿಳಿದಿದ್ದರೆ ಯಾರು ಉಳಿಯುತ್ತಿದ್ದರು? ಮಗನಾದ ಕ್ರಿಸ್ತನೂ ಬದಲಾಗಬಲ್ಲವನು ಎಂಬ ಬೋಧನೆಯನ್ನು ಕ್ರಿ.ಶ. 325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪ್‌ಗಳ ಸಭೆ ತಳ್ಳಿಹಾಕಿದ್ದು ಸುಮ್ನೆ ಅಲ್ಲ. ರಕ್ಷಿಸುವವನೇ ಜಾರಿದರೆ ಹಿಡಿದುಕೊಳ್ಳುವುದು ಯಾರನ್ನು?

ಇನ್ನು ಪ್ರಾರ್ಥನೆ. ಇಸ್ರಾಯೇಲ್ ಜನ ಪೂಜೆಗೆ ಚಿನ್ನದ ಕರು ಮಾಡಿಕೊಂಡು, ದೇವರು ಅವರನ್ನು ನಾಶಮಾಡುತ್ತೇನೆ ಎಂದಾಗ ಅವರ ನಾಯಕ ಮೋಶೆ ಬೇಡಿಕೊಂಡದ್ದು ಹೇಗೆ? ಜನರ ಪರವಾಗಿ ಒಂದು ಒಳ್ಳೆಯ ಮಾತೂ ಅವನ ಬಳಿ ಇರಲಿಲ್ಲ. ಅವರ ಪೂರ್ವಜರಾದ ಅಬ್ರಹಾಮ, ಇಸಾಕ, ಇಸ್ರಾಯೇಲರಿಗೆ ಆಣೆ ಇಟ್ಟು ಹೇಳಿದ್ದನ್ನು ನೆನಪು ಮಾಡಿಕೋ ಎಂದ. ಕೊಟ್ಟ ಮಾತು ಮರೆಯುವ ದೇವರಾಗಿದ್ದರೆ ಮೋಶೆಗೆ ಆ ಬೆಟ್ಟದ ಮೇಲೆ ಬಾಯಿ ತೆರೆಯಲು ಕಾರಣವೇ ಇರುತ್ತಿರಲಿಲ್ಲ.