ಹೋಂ ಪ್ಲೇಟ್ ಮುಟ್ಟಿದರೂ ರನ್ ಏಕಿಲ್ಲ? 1908ರ ಮರ್ಕಲ್ ಪಂದ್ಯ

ಪ್ರಶ್ನೆ: 1908ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕ್ ಜೈಂಟ್ಸ್ ಮತ್ತು ಶಿಕಾಗೊ ಕಬ್ಸ್ ನಡುವಿನ ಬೇಸ್‌ಬಾಲ್ ಪಂದ್ಯದಲ್ಲಿ ಗೆಲುವಿನ ರನ್ ಬಂದ ಮೇಲೂ ಅಂಪೈರ್ ಅದನ್ನು ರದ್ದು ಮಾಡಿದರಂತೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಇದು ಅರ್ಥವಾಗುತ್ತಿಲ್ಲ. ಫ್ರೆಡ್ ಮರ್ಕಲ್ ಮಾಡಿದ ತಪ್ಪೇನು?

ಉತ್ತರ: ಕ್ರಿಕೆಟ್‌ನಲ್ಲಿ ಎರಡನೇ ರನ್ನಿಗೆ ಓಡುವಾಗ ರನೌಟ್ ಆದರೂ ಮೊದಲನೆಯದು ಉಳಿಯುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಇಲ್ಲಿ ಓಟಗಾರ ಮೂರು ಬೇಸ್‌ಗಳನ್ನು ಕ್ರಮವಾಗಿ ಮುಟ್ಟಿ, ಬ್ಯಾಟರ್ ನಿಲ್ಲುವ ಹೋಂ ಪ್ಲೇಟಿಗೆ ಮರಳಿದರೆ ಒಂದು ರನ್; ಮೂವರು ಔಟಾದರೆ ತಂಡದ ಸರದಿ ಮುಗಿಯುತ್ತದೆ. ಇನಿಂಗ್ಸಿನ ಮೂರನೇ ಔಟ್ ‘ಫೋರ್ಸ್ ಔಟ್’ ಆಗಿದ್ದರೆ, ಅದಕ್ಕೆ ಮೊದಲೇ ಹೋಂ ಪ್ಲೇಟ್ ಮುಟ್ಟಿದವನ ರನ್ನೂ ಹೋಗುತ್ತದೆ.

ಬ್ಯಾಟರ್ ಚೆಂಡು ಹೊಡೆದು ಓಡತೊಡಗಿದರೆ ಮೊದಲ ಬೇಸ್ ಅವನಿಗೆ ಬೇಕು. ಅಲ್ಲಿದ್ದವನು ಜಾಗ ಬಿಟ್ಟು ಎರಡನೆಯದಕ್ಕೆ ಹೋಗಲೇಬೇಕು. ಅವನು ಮುಟ್ಟುವ ಮುನ್ನ ಫೀಲ್ಡರ್ ಚೆಂಡು ಹಿಡಿದುಕೊಂಡು ಎರಡನೇ ಬೇಸ್ ತುಳಿದರೆ ಸಾಕು, ಮೈಗೆ ಚೆಂಡು ತಾಗಿಸಬೇಕಿಲ್ಲ. ಇದೇ ಫೋರ್ಸ್ ಔಟ್.

ಅಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಒಂಬತ್ತನೇ ಇನಿಂಗ್ಸಿನ ಕೊನೆಯರ್ಧ (ಜೈಂಟ್ಸ್‌ನ ಕೊನೆಯ ಬ್ಯಾಟಿಂಗ್ ಸರದಿ), ಸ್ಕೋರ್ 1–1, ಇಬ್ಬರು ಔಟ್. ಮೂರನೇ ಬೇಸ್‌ನಲ್ಲಿ ಮೆಕಾರ್ಮಿಕ್, ಮೊದಲನೆಯದರಲ್ಲಿ ಮರ್ಕಲ್. ಮರ್ಕಲ್‌ಗೆ ಆಗ 19 ವರ್ಷ; ಬೆನ್ನುನೋವಿನಿಂದ ಹೊರಗುಳಿದ ಫ್ರೆಡ್ ಟೆನ್ನಿಯ ಬದಲಿಗೆ ಆಡುತ್ತಿದ್ದ. ಆಲ್ ಬ್ರಿಡ್‌ವೆಲ್ ಹೊಡೆದ ಚೆಂಡು ಎರಡನೇ ಬೇಸ್‌ನ ಹಿಂದಿನ ಸೆಂಟರ್ ಫೀಲ್ಡಿಗೆ ಹೋಯಿತು, ಮೆಕಾರ್ಮಿಕ್ ಹೋಂ ಪ್ಲೇಟ್ ಮುಟ್ಟಿದ. ಜನ ಮೈದಾನಕ್ಕೆ ನುಗ್ಗಿದರು. ಅರ್ಧ ದಾರಿಯಲ್ಲಿದ್ದ ಮರ್ಕಲ್ ಎರಡನೇ ಬೇಸ್ ಮುಟ್ಟದೆ ಸೆಂಟರ್ ಫೀಲ್ಡಿನ ಆಚೆಯಿದ್ದ ಕ್ಲಬ್‌ಹೌಸಿನ ಕಡೆ ತಿರುಗಿಬಿಟ್ಟ. 15 ಇಂಚು ಚೌಕದ ಕ್ಯಾನ್ವಾಸ್ ಚೀಲಕ್ಕೆ ಒಂದು ಕಾಲು ತಾಗಿಸಿದ್ದರೆ ಪಂದ್ಯ ಅಲ್ಲಿಗೆ ಮುಗಿದಿತ್ತು.

ಕಬ್ಸ್‌ನ ಜಾನಿ ಎವರ್ಸ್ ಇದನ್ನು ಗಮನಿಸಿ ಚೆಂಡಿಗಾಗಿ ಕೂಗಿದ. ಕಬ್ಸ್‌ನ ಸೆಂಟರ್ ಫೀಲ್ಡರ್ ಹಾಫ್‌ಮನ್ ಎಸೆದ ಚೆಂಡು ಜೈಂಟ್ಸ್‌ನ ಜೋ ಮೆಕ್‌ಗಿನಿಟಿಯ ಕೈಗೆ ಸಿಕ್ಕಿತು, ಆತ ಅದನ್ನು ಜನರ ನಡುವೆ ಎಸೆದನೆಂದು ಹೇಳುತ್ತಾರೆ. ಕೊನೆಗೆ ಎವರ್ಸ್ ಒಂದು ಚೆಂಡು ಹಿಡಿದು ಬೇಸ್ ತುಳಿದ. ಅದು ಆಟದ ಚೆಂಡೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಬ್ರಿಡ್‌ವೆಲ್‌ನ ಹೊಡೆತ ತಪ್ಪಿಸಿಕೊಳ್ಳಲು ನೆಲಕ್ಕೆ ಬಿದ್ದಿದ್ದ ಬೇಸ್ ಅಂಪೈರ್ ಎಮ್ಸ್ಲಿ ತಾನು ನೋಡಲಿಲ್ಲವೆಂದ. ಪ್ಲೇಟ್ ಅಂಪೈರ್ ಹ್ಯಾಂಕ್ ಓಡೇ ಔಟ್ ಕೊಟ್ಟ. ಕತ್ತಲೆ, ಮೈದಾನದ ತುಂಬ ಜನ: ಆಟ ಮುಂದುವರಿಯದೆ ಟೈ ಆಯಿತು.

ಮರ್ಕಲ್‌ನನ್ನು ಪೆದ್ದನೆಂದು ಕರೆದದ್ದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಗೆಲುವಿನ ಹೊಡೆತ ಬಿದ್ದೊಡನೆ ಓಟಗಾರರು ಹೀಗೆ ಹೊರಟುಬಿಡುವುದು ಆಗಿನ ರೂಢಿಯೇ ಆಗಿತ್ತು. ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗ್‌ನಲ್ಲಿ ವಾರೆನ್ ಗಿಲ್ ಮಾಡಿದ್ದೂ ಇದನ್ನೇ. ಎವರ್ಸ್ ಆಗಲೂ ಔಟ್ ಕೇಳಿದ್ದ; ಒಬ್ಬನೇ ಅಂಪೈರ್ ಆಗಿದ್ದ ಓಡೇ ತಾನು ಕಂಡಿಲ್ಲವೆಂದು ಕೊಡಲಿಲ್ಲ. ಎರಡನೇ ಸಲ ಓಡೇ ಕಣ್ಣಿಟ್ಟಿದ್ದ.

ಸೀಸನ್ ಕೊನೆಗೆ ಎರಡೂ ತಂಡಗಳು ಸಮನಾದ್ದರಿಂದ ಅಕ್ಟೋಬರ್ 8ರಂದು ಮತ್ತೆ ಆಡಿಸಿದರು. ಕಬ್ಸ್ 4–2ರಿಂದ ಗೆದ್ದು, ಮುಂದೆ ವರ್ಲ್ಡ್ ಸೀರೀಸನ್ನೂ ಗೆದ್ದಿತು.

ಪ್ರಶ್ನೆ: ಇಂದು ಹೀಗೇ ಆದರೆ?

ಉತ್ತರ: ಇದೇ ತೀರ್ಪು. ಪಂದ್ಯ ನೋಡುವಾಗ ಮೂರನೇ ಔಟ್ ಹೇಗಾಯಿತು ಎಂದು ಮೊದಲು ನೋಡಿ. ಫೋರ್ಸ್ ಔಟ್ ಆಗಿದ್ದರೆ, ಅಥವಾ ಬ್ಯಾಟರೇ ಮೊದಲ ಬೇಸ್ ಮುಟ್ಟುವ ಮುನ್ನ ಔಟಾಗಿದ್ದರೆ, ರನ್ ಇಲ್ಲ. ಹೋಗಲೇಬೇಕೆಂಬ ಒತ್ತಾಯವಿಲ್ಲದ ಓಟಗಾರನನ್ನು ಚೆಂಡು ತಾಗಿಸಿ ಔಟ್ ಮಾಡಿದ್ದರೆ ಮಾತ್ರ ಯಾವುದು ಮೊದಲಾಯಿತು ಎಂಬ ಲೆಕ್ಕ ಬರುತ್ತದೆ. ಎಲ್ಲ ಬೇಸ್‌ಗಳೂ ತುಂಬಿದ್ದಾಗ ‘ವಾಕ್’ (ನಾಲ್ಕು ತಪ್ಪು ಎಸೆತಗಳಿಗಾಗಿ ಬ್ಯಾಟರ್‌ಗೆ ಸಿಗುವ ಮೊದಲ ಬೇಸ್) ಸಿಕ್ಕಿ ಗೆದ್ದರೆ ರಿಯಾಯಿತಿಯಿದೆ: ಮೂರನೇ ಬೇಸ್‌ನವನು ಹೋಂ ಪ್ಲೇಟನ್ನೂ ಬ್ಯಾಟರ್ ಮೊದಲ ಬೇಸನ್ನೂ ಮುಟ್ಟಿದರೆ ಸಾಕು. ಮರ್ಕಲ್‌ನ ಸಂದರ್ಭದಂತೆ ಹೊಡೆತದಿಂದ ಗೆಲ್ಲುವಾಗ ಮೊದಲ ಬೇಸ್‌ನಲ್ಲಿದ್ದವನು ಎರಡನೆಯದನ್ನು ಮುಟ್ಟಲೇಬೇಕು.