ಟ್ರೇಲ್ ಓಟಕ್ಕೆ ಹೊಸಬರು ಯಾವ ದೂರದಿಂದ ಶುರು ಮಾಡಬೇಕು?

ಪಾರ್ಕಿನಲ್ಲಿ ಐದಾರು ಕಿಲೋಮೀಟರ್ ಸಲೀಸಾಗಿ ಓಡುತ್ತೇನೆ, ಗೆಳೆಯರು ಮಲ್ನಾಡ್ ಅಲ್ಟ್ರಾ ಎಂಬ ಟ್ರೇಲ್ (ಮಣ್ಣಿನ ದಾರಿಯ) ಓಟದ 30 ಕಿ.ಮೀ.ಗೆ ಹೆಸರು ಕೊಡು ಎಂದು ದುಂಬಾಲು ಬಿದ್ದಿದ್ದಾರೆ, ಕೊಡಲೇ, ಎಲ್ಲರಿಗಿಂತ ಕೊನೆಗೆ ಬಂದರೆ ಏನು ಗತಿ ಎಂದು ಕೇಳಿದ್ದೀರಿ.

ಈ ವರ್ಷ ಕೊಡಬೇಡಿ. ಮೊದಲು ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ 10 ಕಿ.ಮೀ. ಓಡಿ. ಎರಡೂ ಮಣ್ಣಿನ ದಾರಿಯ ಓಟಗಳೇ, ಎರಡರಲ್ಲೂ ಹಲವು ದೂರಗಳಿವೆ. ಆದರೆ ಮಲ್ನಾಡ್ ಅಲ್ಟ್ರಾದಲ್ಲಿ 30 ಕಿ.ಮೀ. ಅತಿ ಚಿಕ್ಕದು. ಕಾವೇರಿಯಲ್ಲಿ 10 ಕಿ.ಮೀ., ಅರ್ಧ ಮ್ಯಾರಥಾನ್, ಪೂರ್ಣ ಮ್ಯಾರಥಾನ್ ಇವೆ. ಹೊಸಬರಿಗೆ ಎಂದು ಒಂದು ಮೆಟ್ಟಿಲು ಅಲ್ಲಿದೆ.

ಮಲ್ನಾಡ್ ಅಲ್ಟ್ರಾ ನಡೆಯುವ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಕಿಲೋಮೀಟರ್ ಲೆಕ್ಕ ನಂಬುವಂತಿಲ್ಲ. 100 ಮೀಟರ್ ಎತ್ತರ ಏರಿದರೆ ಸಮತಟ್ಟಿನಲ್ಲಿ ಇನ್ನೊಂದು ಕಿ.ಮೀ. ಓಡಿದಷ್ಟು ಶ್ರಮ ಎಂಬುದು ಟ್ರೇಲ್ ಓಟಗಾರರು ಬಳಸುವ ಸರಳ ಲೆಕ್ಕ. ಒಟ್ಟು 1,000 ಮೀಟರ್ ಏರು ಇರುವ 30 ಕಿ.ಮೀ. ದಾರಿ ಹೀಗೆ 40 ಆಗುತ್ತದೆ. ಇಳಿಜಾರು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಮೈಭಾರವನ್ನು ತಡೆದು ಹಿಡಿಯಬೇಕು; ಪಾರ್ಕಿನ ಓಟ ಅದನ್ನು ಕಲಿಸಿರುವುದಿಲ್ಲ. ಮರುದಿನ ಮೆಟ್ಟಿಲು ಇಳಿಯುವಾಗ ಅದು ಗೊತ್ತಾಗುತ್ತದೆ. ಜೊತೆಗೆ ಒದ್ದೆ ಎಲೆಯ ಜಾರು, ಕಾಲುಚೀಲದೊಳಗೆ ನುಗ್ಗುವ ಇಂಬಳ. ನನಗೆ ಆ ತೋಟಗಳ ದಾರಿ ಪ್ರಾಣ. ಆದ್ದರಿಂದಲೇ ನೀವು ಅಲ್ಲಿಗೆ ತಯಾರಾಗಿ ಹೋಗಬೇಕು ಎಂದು ನನ್ನ ಆಸೆ. ಮೊದಲ ಓಟದಲ್ಲೇ ಸೋತು ಸುಣ್ಣವಾಗಿ ಟ್ರೇಲ್ ಸಹವಾಸವೇ ಬೇಡ ಎಂದು ಬಿಟ್ಟವರನ್ನು ಕಂಡಿದ್ದೇನೆ, ಬೇಸರವಾಗುತ್ತದೆ.

ಕಾವೇರಿಯ ಓಟ ನಡೆಯುವುದು ರಂಗನತಿಟ್ಟಿನ ಸಮೀಪ, ನಾಲೆಯ ಏರಿಯ ಮೇಲೆ. ದಾರಿ ಬಹುತೇಕ ಸಮತಟ್ಟು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಕೆಸರು ಶೂ ತಳಕ್ಕೆ ಮೆತ್ತಿಕೊಂಡು ಕಾಲು ಭಾರವಾಗುತ್ತದೆ, ಹುಲ್ಲಿನ ಅಂಚಿಗೆ ಉಜ್ಜಿ ಮುಂದೆ ಹೋಗಬೇಕು. ಕಾಡಿನ ಓಟಕ್ಕೆ ಬೇಕಾದ ಮೊದಲ ಪಾಠ ಇಲ್ಲೇ ಸಿಗುತ್ತದೆ: ಕಣ್ಣು ಮೂರ್ನಾಲ್ಕು ಮೀಟರ್ ಮುಂದಿನ ನೆಲದ ಮೇಲಿರಲಿ, ಹೆಜ್ಜೆ ಚಿಕ್ಕದಿರಲಿ. ಇಲ್ಲಿ ಬಿಸಿಲು ಮಾತ್ರ ಕಾಡುತ್ತದೆ, ನೆರಳು ಕಡಿಮೆ. ಟೋಪಿ ಮರೆಯಬೇಡಿ. ಹತ್ತು ಕಿ.ಮೀ. ಓಡುವವರು ಬಿಸಿಲು ಬಲಿಯುವ ಮೊದಲೇ ಮುಗಿಸಬಹುದು, ಪೂರ್ಣ ಮ್ಯಾರಥಾನ್‌ನವರಿಗೆ ಆ ಅನುಕೂಲವಿಲ್ಲ. ಮನೆಯವರನ್ನೂ ಕರೆದುಕೊಂಡು ಹೋಗಿ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟನ್ನು ಅದೇ ದಿನ ನೋಡಬಹುದು.

ತಯಾರಿಗೆ ಎರಡು ತಿಂಗಳು ಸಾಕು. ವಾರದ ಓಟಗಳಲ್ಲಿ ಒಂದನ್ನಾದರೂ ಮಣ್ಣಿನ ಮೇಲೆ, ಕೆರೆ ಏರಿಯೋ ಹೊಲದ ದಾರಿಯೋ ಸಿಕ್ಕಲ್ಲಿ, ಮಾಡಿ. ಆ ದಿನ ವೇಗ ನೋಡಬೇಡಿ, ಎಷ್ಟು ಹೊತ್ತು ಓಡುತ್ತ, ನಡೆಯುತ್ತ ಇದ್ದಿರಿ ಎಂಬುದನ್ನು ಮಾತ್ರ ನೋಡಿ. ಮಾತಾಡುತ್ತ ಓಡಲು ಆಗದಿದ್ದರೆ ನಡೆಯಿರಿ. ಏರಿನಲ್ಲಿ ನಡೆಯುವುದು ಟ್ರೇಲ್ ಓಟದ ಪದ್ಧತಿಯೇ, ಪಳಗಿದವರೂ ನಡೆಯುತ್ತಾರೆ. ನಾಲೆಯ ದಾರಿಗೆ ಈಗಿರುವ ರನ್ನಿಂಗ್ ಶೂ ಸಾಕು, ಮುಳ್ಳುತಳದ ದುಬಾರಿ ಶೂ ಮಲೆನಾಡಿಗೆ ಹೋಗುವಾಗ ಕೊಳ್ಳಿ. ಓಟದ ದಿನ ಹೊಸ ಕಾಲುಚೀಲವೂ ಬೇಡ, ಹೊಸ ತಿಂಡಿಯೂ ಬೇಡ.

ಕೊನೆಯವರಾಗುವ ಭಯದ ಬಗ್ಗೆ: ಟ್ರೇಲ್ ಓಟಗಳಲ್ಲಿ ಕೊನೆಯ ಓಟಗಾರರ ಹಿಂದೆ ಸ್ವಯಂಸೇವಕರು ಬರುವುದು ವಾಡಿಕೆ. ನೀವು ಒಬ್ಬರೇ ಉಳಿದುಬಿಡುವುದಿಲ್ಲ. ನೋಂದಣಿಗೆ ಮುಂಚೆ ನಿಯಮಾವಳಿಯಲ್ಲಿ ಮುಗಿಸಬೇಕಾದ ಗಡುವನ್ನು ನೋಡಿ, ನಿಮ್ಮ ಮಣ್ಣಿನ ಓಟದ ವೇಗಕ್ಕೆ ಹೋಲಿಸಿ. ಅರ್ಧ ಗಂಟೆ ಕೈಯಲ್ಲಿ ಉಳಿಯುವಂತಿದ್ದರೆ ಧೈರ್ಯವಾಗಿ ಹೆಸರು ಕೊಡಿ. ಗೆಳೆಯರಿಗೆ ಮಲ್ನಾಡ್ ಮುಂದಿನ ವರ್ಷ ಎಂದು ಹೇಳಿ, ಈ ಬಾರಿ ಅವರಲ್ಲಿ ಒಬ್ಬರನ್ನಾದರೂ ಶ್ರೀರಂಗಪಟ್ಟಣಕ್ಕೆ ಎಳೆದುಕೊಂಡು ಬನ್ನಿ.